‘ಅಧಿಸೂಚನೆ’ ಎಂದರೇನು? ಫಾರ್ವರ್ಡ್ ಮಾಡುವ ಮುನ್ನ ಈ ಪದವನ್ನು ಒಮ್ಮೆ ತಿಳಿದುಕೊಳ್ಳಿ

ಕಳೆದ ಮಳೆಗಾಲದಲ್ಲಿ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಪಿಡಿಎಫ್ ಬಂತು. ಮೇಲೆ ಗಂಡಭೇರುಂಡದ ಲಾಂಛನ, ಕೆಳಗೆ ದುಂಡನೆಯ ಸೀಲು, ನಡುವೆ ದಪ್ಪ ಅಕ್ಷರದಲ್ಲಿ ‘ನೇಮಕಾತಿ ಅಧಿಸೂಚನೆ’. ಕಳಿಸಿದವರು ನಮ್ಮ ಸೋದರಮಾವ. ಅವರಿಗೆ ಅದು ಇನ್ಯಾವುದೋ ಗ್ರೂಪಿನಿಂದ ಬಂದಿತ್ತು. ಚಿಕ್ಕಮ್ಮನ ಮಗಳು ಡಿಗ್ರಿ ಮುಗಿಸಿ ಎರಡು ವರ್ಷದಿಂದ ಕೆಲಸ ಹುಡುಕುತ್ತಿದ್ದಾಳೆ. ಅವಳು ಅವತ್ತೇ ರಾತ್ರಿ ಅರ್ಜಿ ತುಂಬಿ, ಅದರಲ್ಲಿದ್ದ ಯುಪಿಐ ನಂಬರಿಗೆ 850 ರೂಪಾಯಿ ಕಳಿಸಿದಳು. ಬೆಳಗ್ಗೆ ಲಿಂಕ್ ತೆರೆಯಲಿಲ್ಲ. ನಂಬರ್ ಸ್ವಿಚ್ ಆಫ್.

“ಅಧಿಸೂಚನೆ ಅಂತ ಬರೆದಿತ್ತಲ್ಲಕ್ಕಾ, ಅದಕ್ಕೇ ನಂಬಿದೆ” ಎಂದಳು.

ಅವಳ ಮಾತಿನಲ್ಲಿ ಅರ್ಥವಿದೆ. ಈ ಪದಕ್ಕೆ ತೂಕ ಇದೆ. ಸುಳ್ಳು ಸಂದೇಶ ಮಾಡುವವರಿಗೂ ಅದು ಗೊತ್ತು. ಹಾಗಾಗಿ ‘ಅಧಿಸೂಚನೆ’ ಎಂದರೆ ಏನು, ಅದು ಯಾವುದಲ್ಲ, ಅಸಲಿಯನ್ನು ಗುರುತಿಸುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಒಂದೇ ಮಾತಿನಲ್ಲಿ ಹೇಳುವುದಾದರೆ

ಕಾನೂನು ಕೊಟ್ಟ ಅಧಿಕಾರವನ್ನು ಬಳಸಿ, ಸರ್ಕಾರ ಅಥವಾ ಸರ್ಕಾರದ ಪ್ರಾಧಿಕಾರವೊಂದು ಸಾರ್ವಜನಿಕರಿಗೆ ತಿಳಿಯುವಂತೆ ಲಿಖಿತವಾಗಿ, ಸಾಮಾನ್ಯವಾಗಿ ರಾಜ್ಯಪತ್ರದಲ್ಲಿ (ಅಂದರೆ ಗೆಜೆಟ್‌ನಲ್ಲಿ) ಪ್ರಕಟಿಸುವ ನಿರ್ಧಾರವೇ ಅಧಿಸೂಚನೆ.

ಇದರಲ್ಲಿ ಮೂರು ಅಂಶಗಳಿವೆ. ಒಂದು, ಹಿಂದೆ ಒಂದು ಕಾನೂನಿನ ಬಲ ಇರಬೇಕು. ಎರಡು, ಅದು ಲಿಖಿತವಾಗಿರಬೇಕು. ಮೂರು, ಎಲ್ಲರಿಗೂ ಸಿಗುವಂತೆ ಪ್ರಕಟವಾಗಿರಬೇಕು. ಮಂತ್ರಿಯೊಬ್ಬರು ಸಭೆಯಲ್ಲಿ ಹೇಳಿದ ಮಾತು, ಟಿವಿಯಲ್ಲಿ ಓಡಿದ ಬ್ರೇಕಿಂಗ್ ನ್ಯೂಸ್, ಅಧಿಕಾರಿಯ ಟ್ವೀಟ್ ಇವೆಲ್ಲ ಅಧಿಸೂಚನೆಯ ಬಗ್ಗೆ ಬಂದ ಸುದ್ದಿ ಆಗಬಹುದು. ಅವೇ ಅಧಿಸೂಚನೆ ಅಲ್ಲ.

ನಮ್ಮ ಸಂವಿಧಾನದ 13ನೇ ವಿಧಿಯಲ್ಲಿ ‘ಕಾನೂನು’ ಎಂಬ ಪದಕ್ಕೆ ಅರ್ಥ ಹೇಳುವಾಗ ಸುಗ್ರೀವಾಜ್ಞೆ, ಆದೇಶ, ಬೈಲಾ, ನಿಯಮ, ವಿನಿಯಮಗಳ ಜೊತೆಗೆ ಅಧಿಸೂಚನೆಯನ್ನೂ ಸೇರಿಸಲಾಗಿದೆ. ಅಂದರೆ ಇದು ಬರೀ ಮಾಹಿತಿ ಪತ್ರವಲ್ಲ, ಅದಕ್ಕೆ ಕಾನೂನಿನ ಬಲ ಇರಬಲ್ಲದು. ನಮ್ಮ ಹಣ, ಜಮೀನು, ಉದ್ಯೋಗ ಎಲ್ಲವನ್ನೂ ಅದು ಮುಟ್ಟಬಲ್ಲದು.

ಪದ ಬಂದದ್ದು ಎಲ್ಲಿಂದ?

‘ಅಧಿ’ ಮತ್ತು ‘ಸೂಚನೆ’ ಸೇರಿ ಅಧಿಸೂಚನೆ. ‘ಅಧಿ’ ಎಂಬ ಸಂಸ್ಕೃತ ಉಪಸರ್ಗಕ್ಕೆ ‘ಮೇಲೆ’, ‘ಮೇಲಿನಿಂದ’ ಎಂಬ ಅರ್ಥವಿದೆ. ಅಧಿಕಾರ, ಅಧಿಪತಿ, ಅಧಿನಿಯಮ ಪದಗಳಲ್ಲಿ ಇರುವುದೂ ಅದೇ. ಸೂಚನೆ ಎಂದರೆ ತೋರಿಸಿಕೊಡುವುದು, ತಿಳಿಸುವುದು. ಹೀಗೆ, ಅಧಿಕಾರ ಇರುವ ಕಡೆಯಿಂದ ಬರುವ ತಿಳಿವಳಿಕೆ ಎಂಬುದು ಪದದೊಳಗೇ ಅಡಗಿದೆ.

ತಮಾಷೆಯ ವಿಷಯ ಏನೆಂದರೆ, ನಿಮ್ಮ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಹಲವು ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲೂ ‘ಅಧಿಸೂಚನೆಗಳು’ ಎಂಬ ಪದವೇ ಕಾಣುತ್ತದೆ. ‘ನೋಟಿಫಿಕೇಶನ್’ ಎಂಬ ಇಂಗ್ಲಿಷ್ ಪದಕ್ಕೆ ಎರಡೂ ಅರ್ಥ ಇರುವುದರಿಂದ ಕನ್ನಡದ ಪದವೂ ಎರಡು ಕೆಲಸ ಮಾಡುತ್ತಿದೆ. ಗೆಳೆಯ ಕಳಿಸಿದ ಗುಡ್ ಮಾರ್ನಿಂಗ್ ಸಂದೇಶಕ್ಕೆ ಬರುವ ‘ಟಿಂಗ್’ ಸದ್ದೂ ಅಧಿಸೂಚನೆ, ಜಮೀನು ಸ್ವಾಧೀನಕ್ಕೆ ಸರ್ಕಾರ ಹೊರಡಿಸುವ ಪತ್ರವೂ ಅಧಿಸೂಚನೆ!

‘ಗೆಜೆಟ್’ ಪದದ ಕತೆಯೂ ಚೆನ್ನಾಗಿದೆ. ಇಟಲಿಯ ವೆನಿಸ್ ನಗರದಲ್ಲಿ ‘ಗಜೆಟಾ’ ಎಂಬ ಸಣ್ಣ ನಾಣ್ಯ ಚಲಾವಣೆಯಲ್ಲಿತ್ತು. ಅಲ್ಲಿನ ಸುದ್ದಿ ಹಾಳೆಗೆ ಆ ನಾಣ್ಯದ ಹೆಸರೇ ಅಂಟಿಕೊಂಡಿತು. ಇಂಗ್ಲೆಂಡಿನ ಅಧಿಕೃತ ಗೆಜೆಟ್ 1665ರಲ್ಲಿ ಶುರುವಾಯಿತು. ಆಗ ಲಂಡನ್‌ನಲ್ಲಿ ಪ್ಲೇಗ್ ಹಬ್ಬಿ ರಾಜನ ಆಸ್ಥಾನ ಆಕ್ಸ್‌ಫರ್ಡ್‌ಗೆ ಹೋಗಿದ್ದರಿಂದ ಮೊದಲು ಅದು ‘ಆಕ್ಸ್‌ಫರ್ಡ್ ಗೆಜೆಟ್’, ಆಮೇಲೆ ‘ಲಂಡನ್ ಗೆಜೆಟ್’. ಬ್ರಿಟಿಷರ ಜೊತೆ ಪದ್ಧತಿ ಇಲ್ಲಿಗೂ ಬಂತು. ‘ಗೆಜೆಟೆಡ್ ಆಫೀಸರ್ ಸಹಿ ಮಾಡಿಸಿಕೊಂಡು ಬನ್ನಿ’ ಎನ್ನುತ್ತಾರಲ್ಲ, ಯಾರ ನೇಮಕಾತಿ ಗೆಜೆಟ್‌ನಲ್ಲಿ ಪ್ರಕಟವಾಗುತ್ತಿತ್ತೋ ಅವರೇ ಗೆಜೆಟೆಡ್ ಆಫೀಸರ್.

ಪ್ರಕಟವಾಗದಿದ್ದರೆ ಕಾನೂನೇ ಅಲ್ಲ!

ಗೆಜೆಟ್ ಬರುವುದಕ್ಕೆ ಮುಂಚೆ ಡಂಗುರ ಇತ್ತು. ತಮಟೆ ಬಾರಿಸುತ್ತಾ ಬೀದಿ ಬೀದಿಯಲ್ಲಿ ನಿಂತು “ಕೇಳ್ರಪ್ಪೋ ಕೇಳ್ರೀ” ಎಂದು ಸಾರುವುದು. ಹಲವು ಊರುಗಳಲ್ಲಿ ಈ ಕೆಲಸವನ್ನು ದಲಿತ ಸಮುದಾಯದವರ ಮೇಲೆ ಹೇರಲಾಗಿತ್ತು ಎಂಬುದನ್ನೂ ಮರೆಯಬಾರದು. ಡಂಗುರ ಕಾನೂನಿನಿಂದ ಇನ್ನೂ ಪೂರ್ತಿ ಹೋಗಿಲ್ಲ. ಸಾಲ ತೀರಿಸದವರ ಸ್ಥಿರಾಸ್ತಿಯನ್ನು ಕೋರ್ಟ್ ಜಪ್ತಿ ಮಾಡುವಾಗ, ಆ ಜಾಗದಲ್ಲಿ ಡಂಗುರ ಹೊಡೆಸಿ ಅಥವಾ ರೂಢಿಯಲ್ಲಿರುವ ಬೇರೆ ವಿಧಾನದಲ್ಲಿ ಸಾರಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 54ನೇ ನಿಯಮ ಹೇಳುತ್ತದೆ.

ಡಂಗುರವಾಗಲಿ ಗೆಜೆಟ್ ಆಗಲಿ, ಹಿಂದಿರುವ ತತ್ವ ಒಂದೇ. ಜನರಿಗೆ ಗೊತ್ತಾಗದ ಕಾನೂನಿನಿಂದ ಜನರನ್ನು ಶಿಕ್ಷಿಸಬಾರದು.

ಇದನ್ನು ಸುಪ್ರೀಂ ಕೋರ್ಟ್ 1951ರಲ್ಲೇ ಹೇಳಿತು. ಜೈಪುರ ಸಂಸ್ಥಾನದ ಮಹಾರಾಜ ಅಪ್ರಾಪ್ತ ವಯಸ್ಕರಾಗಿದ್ದಾಗ ಅಲ್ಲಿನ ಮಂತ್ರಿಮಂಡಲ 1923ರಲ್ಲಿ ಒಂದು ಠರಾವು ಮಾಡಿ ಅಫೀಮು ಕಾಯ್ದೆ ತಂದಿತು. ಆದರೆ ಅದನ್ನು ಗೆಜೆಟ್‌ನಲ್ಲಾಗಲಿ ಬೇರೆ ರೀತಿಯಲ್ಲಾಗಲಿ ಪ್ರಕಟಿಸಲೇ ಇಲ್ಲ. ಕಾಲು ಶತಮಾನದ ನಂತರ ಅದೇ ಕಾಯ್ದೆಯಡಿ ಒಬ್ಬರಿಗೆ 50 ರೂಪಾಯಿ ದಂಡ ಬಿತ್ತು. ದಂಡದ ಮೊತ್ತ ಸಣ್ಣದು, ಪ್ರಶ್ನೆ ದೊಡ್ಡದು. ಹರ್ಲಾ ವಿರುದ್ಧ ರಾಜಸ್ಥಾನ ರಾಜ್ಯ ಎಂಬ ಈ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು, ಮುಚ್ಚಿದ ಕೋಣೆಯಲ್ಲಿ ಆದ ಠರಾವು ಪ್ರಕಟವಾಗದೆ ಕಾನೂನಾಗದು ಎಂದು ತೀರ್ಪಿತ್ತರು. ಶಿಕ್ಷೆ ರದ್ದಾಯಿತು.

ನಮ್ಮ ಬೆಂಗಳೂರಿನ ನಗರ ಯೋಜನೆಗೆ ಸಂಬಂಧಿಸಿದ ಬಿ.ಕೆ. ಶ್ರೀನಿವಾಸನ್ ಪ್ರಕರಣದಲ್ಲೂ (1987) ಸುಪ್ರೀಂ ಕೋರ್ಟ್ ಇದೇ ಮಾತನ್ನು ಮುಂದುವರಿಸಿತು. ಸಂಸತ್ತಿನಲ್ಲಿ ಕಾನೂನು ಎಲ್ಲರ ಎದುರು ಆಗುತ್ತದೆ. ನಿಯಮ, ಅಧಿಸೂಚನೆಗಳು ಅಧಿಕಾರಿಗಳ ಕೋಣೆಯೊಳಗೆ ಸದ್ದಿಲ್ಲದೆ ತಯಾರಾಗುತ್ತವೆ. ಆದ್ದರಿಂದ ಮೂಲ ಕಾಯ್ದೆ ಹೇಳಿರಲಿ ಬಿಡಲಿ, ಅವು ತಕ್ಕ ರೀತಿಯಲ್ಲಿ ಪ್ರಕಟವಾಗಲೇಬೇಕು ಎಂದಿತು.

ಸೆಕೆಂಡುಗಳೂ ಲೆಕ್ಕಕ್ಕೆ ಬಂದ ಪ್ರಕರಣ

2015ರ ಅಕ್ಟೋಬರ್ 1ರಿಂದ ಕೇಂದ್ರ ಸರ್ಕಾರದ ಗೆಜೆಟ್ ಕಾಗದದಲ್ಲಿ ಅಚ್ಚಾಗುವುದು ನಿಂತು, ಇ-ಗೆಜೆಟ್ ಜಾಲತಾಣದಲ್ಲಿ ಮಾತ್ರ ಪ್ರಕಟವಾಗುತ್ತಿದೆ. ಇದರಿಂದ ಹೊಸ ಪ್ರಶ್ನೆಯೊಂದು ಹುಟ್ಟಿತು. ಅಧಿಸೂಚನೆ ಆ ಇಡೀ ದಿನಕ್ಕೆ ಅನ್ವಯವೋ ಅಥವಾ ಅಪ್‌ಲೋಡ್ ಆದ ಕ್ಷಣದಿಂದಲೋ?

ಪುಲ್ವಾಮಾ ದಾಳಿಯ ಎರಡು ದಿನಗಳ ನಂತರ, 2019ರ ಫೆಬ್ರುವರಿ 16ರಂದು, ಪಾಕಿಸ್ತಾನದಿಂದ ಬರುವ ಸರಕುಗಳ ಮೇಲೆ 200 ಶೇಕಡ ಸುಂಕ ಹಾಕುವ ಅಧಿಸೂಚನೆ ಹೊರಬಿತ್ತು. ಅದು ಇ-ಗೆಜೆಟ್‌ನಲ್ಲಿ ಅಪ್‌ಲೋಡ್ ಆಗಿದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಆ ಹೊತ್ತಿಗಾಗಲೇ ಅಟ್ಟಾರಿ ಗಡಿಯಲ್ಲಿ ಕೆಲವು ವ್ಯಾಪಾರಿಗಳು ಸರಕಿನ ದಾಖಲೆ ಸಲ್ಲಿಸಿ ಆಗಿತ್ತು. ಆದರೂ ಕಸ್ಟಮ್ಸ್ ಅವರಿಂದ 200 ಶೇಕಡ ಸುಂಕ ಕೇಳಿತು. 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವ್ಯಾಪಾರಿಗಳ ಪರ ನಿಂತಿತು. ಪ್ರಕಟವಾದ ಕ್ಷಣಕ್ಕಿಂತ ಮುಂಚಿನ ವ್ಯವಹಾರಕ್ಕೆ ಹೊಸ ಸುಂಕ ಅನ್ವಯಿಸದು ಎಂದಿತು.

ಹೀಗೆ ಅಧಿಸೂಚನೆಗೆ ನಿಮಿಷ, ಸೆಕೆಂಡಿನ ತನಕ ಹುಟ್ಟಿದ ಸಮಯ ಇರುತ್ತದೆ. ‘ನಾಳೆಯಿಂದ ಹೊಸ ನಿಯಮ ಜಾರಿ’ ಎಂದು ಆರು ವರ್ಷದಿಂದ ಸುತ್ತುತ್ತಿರುವ ಫಾರ್ವರ್ಡ್‌ಗೆ ಅದು ಇರುವುದಿಲ್ಲ.

ಅಕ್ಕಪಕ್ಕದ ಪದಗಳು: ಎಲ್ಲವೂ ಒಂದೇ ಅಲ್ಲ

ನಾವು ಮಾತಿನಲ್ಲಿ ಎಲ್ಲವನ್ನೂ ‘ಗೌರ್ಮೆಂಟ್ ಆರ್ಡರ್ ಬಂದಿದೆ’ ಎಂದು ಬಿಡುತ್ತೇವೆ. ಆದರೆ ಇವುಗಳ ಬಲ ಬೇರೆ ಬೇರೆ.

ಘೋಷಣೆ: ಬಾಯಿಮಾತಿನಲ್ಲಿ ತಿಳಿಸುವುದು. 2023ರ ನಮ್ಮ ವಿಧಾನಸಭಾ ಚುನಾವಣೆ ನೆನಪಿಸಿಕೊಳ್ಳಿ. ಚುನಾವಣಾ ಆಯೋಗ ಮಾರ್ಚ್ 29ರಂದು ಪತ್ರಿಕಾಗೋಷ್ಠಿಯಲ್ಲಿ ವೇಳಾಪಟ್ಟಿ ಘೋಷಿಸಿತು. ಅವತ್ತಿನಿಂದಲೇ ನೀತಿ ಸಂಹಿತೆ ಜಾರಿಯಾಯಿತು. ಆದರೆ ಅಧಿಸೂಚನೆ ಹೊರಬಿದ್ದಿದ್ದು ಏಪ್ರಿಲ್ 13ರಂದು. ನಾಮಪತ್ರ ಸಲ್ಲಿಕೆ ಶುರುವಾಗಿದ್ದೂ ಅವತ್ತೇ. ಎರಡರ ನಡುವೆ 15 ದಿನಗಳ ಅಂತರ.

ಪತ್ರಿಕಾ ಪ್ರಕಟಣೆ: ಮಾಧ್ಯಮಗಳಿಗೆ ಕೊಡುವ ಮಾಹಿತಿ. ಅದಕ್ಕೆ ತಾನಾಗಿಯೇ ಕಾನೂನಿನ ಬಲ ಬರುವುದಿಲ್ಲ.

ಸುತ್ತೋಲೆ: ಇಲಾಖೆ ತನ್ನ ಕಚೇರಿಗಳಿಗೆ, ಸಿಬ್ಬಂದಿಗೆ ಕಳಿಸುವ ಸೂಚನೆ. ಸುತ್ತಿ ಬರುವ ಓಲೆ. ಕಾಯ್ದೆ ಅಥವಾ ನಿಯಮಕ್ಕೆ ವಿರುದ್ಧವಾಗಿ ಸುತ್ತೋಲೆ ಹೋಗುವಂತಿಲ್ಲ.

ಸರ್ಕಾರಿ ಆದೇಶ: ಒಂದು ನಿರ್ದಿಷ್ಟ ವಿಷಯದಲ್ಲಿ ಸರ್ಕಾರದ ತೀರ್ಮಾನ. ಅನುದಾನ ಬಿಡುಗಡೆ, ವರ್ಗಾವಣೆ, ಯೋಜನೆಗೆ ಮಂಜೂರಾತಿ ಇತ್ಯಾದಿ. ಎಲ್ಲ ಆದೇಶಗಳೂ ಗೆಜೆಟ್‌ಗೆ ಹೋಗುವುದಿಲ್ಲ.

ಸುಗ್ರೀವಾಜ್ಞೆ: ಅಧಿವೇಶನ ಇಲ್ಲದಾಗ ತುರ್ತಾಗಿ ರಾಷ್ಟ್ರಪತಿ ಅಥವಾ ರಾಜ್ಯಪಾಲರು ಹೊರಡಿಸುವ ತಾತ್ಕಾಲಿಕ ಕಾನೂನು. ಇದೂ ಗೆಜೆಟ್‌ನಲ್ಲಿ ಬರುತ್ತದೆ.

ಈ ವ್ಯತ್ಯಾಸದಿಂದ ಜೇಬಿಗೆ ಏನಾಗುತ್ತದೆ ಎಂಬುದಕ್ಕೆ ನೋಟುಗಳೇ ಸಾಕ್ಷಿ. 2016ರ ನವೆಂಬರ್ 8ರ ರಾತ್ರಿ ಪ್ರಧಾನಿ ಟಿವಿಯಲ್ಲಿ 500 ಮತ್ತು 1000 ರೂಪಾಯಿ ನೋಟುಗಳ ರದ್ದತಿ ಘೋಷಿಸಿದರು. ಆದರೆ ಆ ನೋಟುಗಳು ಬೆಲೆ ಕಳೆದುಕೊಂಡಿದ್ದು ಭಾಷಣದಿಂದಲ್ಲ. ರಿಸರ್ವ್ ಬ್ಯಾಂಕ್ ಕಾಯ್ದೆಯ 26(2)ನೇ ಸೆಕ್ಷನ್ ಅಡಿ ಅವತ್ತೇ ಹೊರಬಿದ್ದ ಗೆಜೆಟ್ ಅಧಿಸೂಚನೆಯಿಂದ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 4:1 ಬಹುಮತದಲ್ಲಿ ಇದನ್ನು ಎತ್ತಿಹಿಡಿಯಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಇಷ್ಟು ದೊಡ್ಡ ಕ್ರಮ ಗೆಜೆಟ್ ಅಧಿಸೂಚನೆಯಿಂದಲ್ಲ, ಶಾಸನದ ಮೂಲಕ ಆಗಬೇಕಿತ್ತು ಎಂದರು.

ಈಗ 2023ರ ಮೇ 19ಕ್ಕೆ ಬನ್ನಿ. ರಿಸರ್ವ್ ಬ್ಯಾಂಕ್ 2000 ರೂಪಾಯಿ ನೋಟನ್ನು ಚಲಾವಣೆಯಿಂದ ಹಿಂಪಡೆಯುವುದಾಗಿ ಪತ್ರಿಕಾ ಪ್ರಕಟಣೆ ಕೊಟ್ಟಿತು. ನೋಟನ್ನು ರದ್ದು ಮಾಡುವ ಗೆಜೆಟ್ ಅಧಿಸೂಚನೆ ಇರಲಿಲ್ಲ. ಆ ನೋಟಿಗೆ ಕಾನೂನಿನ ಮಾನ್ಯತೆ ಮುಂದುವರಿಯುತ್ತದೆ ಎಂದು ಪ್ರಕಟಣೆಯಲ್ಲೇ ಹೇಳಿತ್ತು. ಆದರೆ ‘2000 ನೋಟ್ ಬ್ಯಾನ್’ ಎಂಬ ಫಾರ್ವರ್ಡ್ ಓಡಿದ ರಭಸಕ್ಕೆ ಎಷ್ಟೋ ಕಡೆ ಅಂಗಡಿಯವರು ಮರುದಿನವೇ ನೋಟು ಮುಟ್ಟಲಿಲ್ಲ. ‘ಹಿಂಪಡೆಯುವುದು’ ಬೇರೆ, ‘ರದ್ದು’ ಬೇರೆ. ಮೊದಲನೆಯದು ಪ್ರಕಟಣೆ, ಎರಡನೆಯದಕ್ಕೆ ಅಧಿಸೂಚನೆ ಬೇಕು.

ಕರಡು ಅಧಿಸೂಚನೆ: ಹೆಚ್ಚು ಗೊಂದಲ ಇಲ್ಲಿಯೇ

ಹಲವು ಕಾನೂನುಗಳಲ್ಲಿ ಸರ್ಕಾರ ಮೊದಲು ಕರಡನ್ನು ಪ್ರಕಟಿಸಿ, ಜನರ ಆಕ್ಷೇಪಣೆ ಮತ್ತು ಸಲಹೆ ಕೇಳಿ, ಆಮೇಲೆ ಅಂತಿಮ ಅಧಿಸೂಚನೆ ಹೊರಡಿಸಬೇಕು. ಕರಡು ಎಂದರೆ ‘ಹೀಗೆ ಮಾಡಬೇಕೆಂದಿದ್ದೇವೆ, ನಿಮ್ಮ ಅಭಿಪ್ರಾಯ ಹೇಳಿ’ ಎಂದು ಕೇಳುವುದು. ‘ಮಾಡಿದ್ದೇವೆ’ ಎಂದಲ್ಲ.

ಮಲೆನಾಡು, ಕೊಡಗು, ಕರಾವಳಿಯವರಿಗೆ ‘ಕಸ್ತೂರಿರಂಗನ್ ವರದಿ’ ಎಂಬ ಹೆಸರು ಪರಿಚಿತ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಕೇಂದ್ರ ಪರಿಸರ ಸಚಿವಾಲಯ ಮೊದಲ ಕರಡು ಹೊರಡಿಸಿದ್ದು 2014ರ ಮಾರ್ಚ್‌ನಲ್ಲಿ. ನಿಯಮದಲ್ಲಿ ಹೇಳಿದ ಅವಧಿಯೊಳಗೆ ಅಂತಿಮವಾಗದಿದ್ದರೆ ಕರಡು ಬಿದ್ದುಹೋಗುತ್ತದೆ. ಹಾಗೆ ಬಿದ್ದು, ಮತ್ತೆ ಬಂದು, ಆರನೇ ಕರಡು ಬಂದಿದ್ದು 2024ರ ಜುಲೈ 31ರಂದು, ವಯನಾಡಿನ ಭೂಕುಸಿತದ ಮರುದಿನ. ಆರು ರಾಜ್ಯಗಳ ಸುಮಾರು 56,800 ಚದರ ಕಿಲೋಮೀಟರ್ ಪ್ರದೇಶ, ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಆಕ್ಷೇಪಣೆಗೆ 60 ದಿನ ಕಾಲಾವಕಾಶ. ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿತು.

ಪ್ರತಿ ಕರಡಿನ ಹಿಂದೆಯೂ ‘ಊರು ಖಾಲಿ ಮಾಡಬೇಕು’ ಎಂಬ ಸಂದೇಶಗಳು ಓಡಾಡುತ್ತವೆ. ಕರಡಿನಲ್ಲಿ ಇರುವುದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಂಥವನ್ನು ತಡೆಯುವ ಪ್ರಸ್ತಾವ. ಇದರ ಬಗ್ಗೆ ಅಲ್ಲಿನವರಿಗೆ ನಿಜವಾದ ಆತಂಕಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ಆದರೆ ಆತಂಕವನ್ನು ದಾಖಲಿಸಬೇಕಾದ ಜಾಗ ಆಕ್ಷೇಪಣೆ ಪತ್ರ. ಕರಡನ್ನು ‘ಜಾರಿಯಾಯಿತು’ ಎಂದು ಫಾರ್ವರ್ಡ್ ಮಾಡಿದಾಗ ಜನ ‘ಇನ್ನೇನು ಮಾಡೋಕಾಗುತ್ತೆ’ ಎಂದು ಸುಮ್ಮನಾಗಿಬಿಡುತ್ತಾರೆ. ಮಾತಾಡುವ ಅವಕಾಶ ಅಷ್ಟರಲ್ಲಿ ಮುಗಿದಿರುತ್ತದೆ.

ನಂಬುವುದಷ್ಟೇ ಅಲ್ಲ, ನಂಬದಿರುವುದೂ ಅಪಾಯ

850 ರೂಪಾಯಿ ಹೋದ ಮೇಲೆ ನಮ್ಮ ಮನೆಯವರು ಯಾವುದನ್ನೂ ನಂಬದ ಹಾಗಾದರು. ಎರಡು ತಿಂಗಳ ನಂತರ ಊರಿನವರೊಬ್ಬರು ಪೇಪರಿನಲ್ಲಿ ಬಂದಿದ್ದ ಹೆದ್ದಾರಿ ಭೂಸ್ವಾಧೀನದ ಅಧಿಸೂಚನೆಯ ಫೋಟೊ ತೆಗೆದು ಗ್ರೂಪಿಗೆ ಹಾಕಿದರು. ಚಿಕ್ಕಪ್ಪ ನೋಡಿ, “ಇದೂ ಅಂಥದ್ದೇ ಇರ್ಬೇಕು ಬಿಡು” ಎಂದು ಪಕ್ಕಕ್ಕಿಟ್ಟರು. ಅದು ಅಸಲಿಯಾಗಿತ್ತು. ಪಟ್ಟಿಯಲ್ಲಿ ಅವರದೇ ಸರ್ವೆ ನಂಬರ್ ಇತ್ತು. ನಾನು ಇ-ಗೆಜೆಟ್‌ನಲ್ಲಿ ಹುಡುಕಿ ಖಚಿತಪಡಿಸಿಕೊಳ್ಳುವ ಹೊತ್ತಿಗೆ ಆಕ್ಷೇಪಣೆಗೆ ಆರು ದಿನ ಬಾಕಿ ಇತ್ತು. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ 3ಎ ಅಧಿಸೂಚನೆ ಪ್ರಕಟವಾದ ಮೇಲೆ ಆಕ್ಷೇಪಣೆಗೆ ಸಿಗುವುದೇ 21 ದಿನ. ಜಮೀನಿನಲ್ಲಿರುವ ಬಾವಿ, ಅಡಿಕೆ ಮರಗಳ ವಿವರ ಸೇರಿಸಿ ಅವರು ಹೇಗೋ ಅವಧಿಯೊಳಗೆ ಅರ್ಜಿ ಕೊಟ್ಟರು.

2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆಗೆ ಆಕ್ಷೇಪಣೆ ಸಲ್ಲಿಸಲು 60 ದಿನ ಇರುತ್ತದೆ. ಆ ಅಧಿಸೂಚನೆ ಗೆಜೆಟ್ ಅಲ್ಲದೆ ಎರಡು ದಿನಪತ್ರಿಕೆಗಳಲ್ಲಿ (ಒಂದು ಪ್ರಾದೇಶಿಕ ಭಾಷೆಯದ್ದು), ಪಂಚಾಯಿತಿ ಅಥವಾ ನಗರಸಭೆಯಲ್ಲಿ, ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರ್ ಕಚೇರಿಯಲ್ಲಿ ಸ್ಥಳೀಯ ಭಾಷೆಯಲ್ಲಿ, ಜೊತೆಗೆ ಸರ್ಕಾರದ ಜಾಲತಾಣದಲ್ಲಿ ಪ್ರಕಟವಾಗಬೇಕು. ಕೈಗಾರಿಕಾ ಪ್ರದೇಶಗಳಿಗೆ ಜಮೀನು ತೆಗೆದುಕೊಳ್ಳುವಾಗ ನಮ್ಮ ರಾಜ್ಯದಲ್ಲಿ ಬೇರೆ ಕಾಯ್ದೆ ಇದೆ. ಅದರ 28(1) ಪ್ರಾಥಮಿಕ ಅಧಿಸೂಚನೆ, 28(4) ಅಂತಿಮ.

ಕರ್ನಾಟಕದ ರಾಜಕೀಯದಲ್ಲಿ ಮನೆಮಾತಾದ ‘ಡಿನೋಟಿಫಿಕೇಶನ್’ ಪದವೂ ಇಲ್ಲಿಂದಲೇ ಬಂದದ್ದು. ಸ್ವಾಧೀನಕ್ಕೆ ಅಧಿಸೂಚಿಸಿದ ಜಮೀನನ್ನು ಆ ಪಟ್ಟಿಯಿಂದ ಕೈಬಿಡುವುದೇ ಡಿನೋಟಿಫಿಕೇಶನ್. ‘ನಿಮ್ಮ ಜಮೀನು ಬಿಟ್ಟಿದ್ದೇವೆ’ ಎಂದು ಯಾರಾದರೂ ಭಾಷಣದಲ್ಲಿ ಹೇಳಿದರೆ ಚಪ್ಪಾಳೆ ತಟ್ಟಿ. ಆದರೆ ಜಮೀನು ಕೈಬಿಟ್ಟ ಅಧಿಸೂಚನೆ ಪ್ರಕಟವಾಯಿತೇ ಎಂದು ಕೇಳುವುದನ್ನು ಬಿಡಬೇಡಿ. ಪಹಣಿಯ 11ನೇ ಕಾಲಂ ಕೂಡ ನೋಡಿಕೊಳ್ಳಿ.

ಅಸಲಿ ಅಧಿಸೂಚನೆಯಲ್ಲಿ ಏನೇನಿರುತ್ತದೆ?

1. ಇಲಾಖೆಯ ಹೆಸರು, ಅಧಿಸೂಚನೆ ಸಂಖ್ಯೆ, ಸ್ಥಳ, ದಿನಾಂಕ. ಕೇಂದ್ರದ ಅಧಿಸೂಚನೆಗಳಲ್ಲಿ ಎಸ್.ಒ. ಅಥವಾ ಜಿ.ಎಸ್.ಆರ್. ಎಂದು ಶುರುವಾಗುವ ಸಂಖ್ಯೆ ಸಾಮಾನ್ಯ. ಪಕ್ಕದಲ್ಲಿ ‘ಇ’ ಇದ್ದರೆ ಅದು ವಿಶೇಷ ಸಂಚಿಕೆಯದ್ದು.

2. ಯಾವ ಕಾಯ್ದೆಯ ಯಾವ ಸೆಕ್ಷನ್ ಕೊಟ್ಟ ಅಧಿಕಾರ ಎಂಬ ಸಾಲು. ‘ಪ್ರದತ್ತವಾದ ಅಧಿಕಾರಗಳನ್ನು ಚಲಾಯಿಸಿ’ ಎಂಬ ಧಾಟಿಯಲ್ಲಿ ಇರುತ್ತದೆ. ಸುಳ್ಳು ಪತ್ರಗಳಲ್ಲಿ ಹೆಚ್ಚಾಗಿ ಕಾಣೆಯಾಗುವುದು ಇದೇ ಸಾಲು.

3. ಕೊನೆಯಲ್ಲಿ ಯಾರ ಹೆಸರಿನಲ್ಲಿ ಎಂಬುದು. ಸಂವಿಧಾನದ 166ನೇ ವಿಧಿಯಂತೆ ರಾಜ್ಯ ಸರ್ಕಾರದ ಆಡಳಿತ ನಡೆಯುವುದು ರಾಜ್ಯಪಾಲರ ಹೆಸರಿನಲ್ಲಿ. ಆದ್ದರಿಂದ ರಾಜ್ಯ ಸರ್ಕಾರವೇ ಹೊರಡಿಸುವ ಅಧಿಸೂಚನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದಿದ್ದು, ಕೆಳಗೆ ಅಧಿಕಾರಿಯ ಹೆಸರು ಮತ್ತು ಹುದ್ದೆ ಇರುತ್ತದೆ.

4. ಗೆಜೆಟ್‌ನ ತಲೆಬರಹ. ಕರ್ನಾಟಕ ರಾಜ್ಯಪತ್ರದ ಸಂಚಿಕೆಯಲ್ಲಿ ‘ಅಧಿಕೃತವಾಗಿ ಪ್ರಕಟಿಸಲಾದುದು’ ಎಂಬ ಸಾಲು, ವಾರ, ದಿನಾಂಕ, ಶಕವರ್ಷದ ದಿನಾಂಕ, ಭಾಗ ಮತ್ತು ಸಂಖ್ಯೆ ಇರುತ್ತವೆ. ವಾರದ ಸಾಮಾನ್ಯ ಸಂಚಿಕೆ ಗುರುವಾರ ಬರುತ್ತದೆ. ತುರ್ತಿನವು ವಿಶೇಷ ಸಂಚಿಕೆಯಾಗಿ ಯಾವ ದಿನವಾದರೂ ಬರಬಹುದು. ಕೇಂದ್ರದ ಇ-ಗೆಜೆಟ್‌ನಲ್ಲಿ ‘ಸಿಜಿ-ಡಿಎಲ್-ಇ’ ಎಂದು ಶುರುವಾಗುವ ಗುರುತಿನ ಸಂಖ್ಯೆ ಇದ್ದು, ಅದರೊಳಗೇ ದಿನಾಂಕ ಸೇರಿರುತ್ತದೆ.

ನಮ್ಮ ಗ್ರೂಪಿಗೆ ಬಂದಿದ್ದ ಪಿಡಿಎಫ್ ಅನ್ನು ಆಮೇಲೆ ತೆರೆದು ನೋಡಿದೆ. ಸಂಖ್ಯೆ ಇರಲಿಲ್ಲ, ಕಾಯ್ದೆಯ ಹೆಸರಿರಲಿಲ್ಲ. ದಿನಾಂಕದ ಪಕ್ಕ ‘ಗುರುವಾರ’ ಎಂದಿತ್ತು. ಕ್ಯಾಲೆಂಡರ್ ನೋಡಿದರೆ ಅದು ಶನಿವಾರ! ಶುಲ್ಕ ಕಟ್ಟಬೇಕಾಗಿದ್ದು ಒಬ್ಬ ವ್ಯಕ್ತಿಯ ಯುಪಿಐ ನಂಬರಿಗೆ.

ಫೋನಿನಲ್ಲೇ ಪರಿಶೀಲಿಸುವುದು ಹೇಗೆ?

ಲಾಂಛನ, ಸೀಲು, ಸಹಿ ನೋಡಿ ನಂಬಬೇಡಿ. ಇವನ್ನು ನಕಲು ಮಾಡಲು ಐದು ನಿಮಿಷ ಸಾಕು. ಸಂಖ್ಯೆ ಮತ್ತು ದಿನಾಂಕ ಬರೆದುಕೊಳ್ಳಿ. ಕೇಂದ್ರದ್ದಾದರೆ ಇ-ಗೆಜೆಟ್, ರಾಜ್ಯದ್ದಾದರೆ ಇ-ರಾಜ್ಯಪತ್ರ ಜಾಲತಾಣದಲ್ಲಿ ಹುಡುಕಿ. ವಿಳಾಸದ ಕೊನೆಯಲ್ಲಿ ‘ಡಾಟ್ ಗವ್ ಡಾಟ್ ಇನ್’ ಇದೆಯೇ ನೋಡಿ. ಸಂದೇಶದೊಳಗಿನ ಲಿಂಕ್ ಒತ್ತಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ. ನೇಮಕಾತಿಯಾದರೆ ಕೆಪಿಎಸ್‌ಸಿ, ಕೆಇಎ ಅಥವಾ ಆಯಾ ಇಲಾಖೆಯ ಜಾಲತಾಣದಲ್ಲೂ ಇರಲೇಬೇಕು. ಕೇಂದ್ರ ಸರ್ಕಾರದ ಹೆಸರಿನ ಸಂದೇಶಗಳಿಗೆ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವಿದೆ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮೂರು ತಪ್ಪು ಕಲ್ಪನೆಗಳು

‘ನಾಳೆ ಶಾಲೆಗೆ ರಜೆ, ಜಿಲ್ಲಾಧಿಕಾರಿ ಅಧಿಸೂಚನೆ.’ ಮಳೆಗೆ ರಜೆ ಕೊಡುವುದು ಜಿಲ್ಲಾಡಳಿತದ ಆದೇಶ, ಗೆಜೆಟ್ ಅಧಿಸೂಚನೆಯಲ್ಲ. ಹೋದ ವರ್ಷದ ಆದೇಶದ ದಿನಾಂಕ ತಿದ್ದಿ ಹರಿಬಿಡುವುದು ಪ್ರತಿ ಮಳೆಗಾಲದ ಆಟ. ಜಿಲ್ಲಾಧಿಕಾರಿಗಳ ಅಧಿಕೃತ ಖಾತೆ ಅಥವಾ ಶಾಲೆಯಿಂದ ಖಚಿತಪಡಿಸಿಕೊಳ್ಳಿ.

‘ಮೂರು ಕೆಂಪು ಟಿಕ್ ಬಂದರೆ ಸರ್ಕಾರ ಕೇಸ್ ಹಾಕುತ್ತದೆ, ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ.’ ಇಂಥ ಅಧಿಸೂಚನೆ ಯಾವುದೂ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮೂರು ಟಿಕ್ ಎಂಬುದೇ ಇಲ್ಲ.

‘ಫೋನ್ ಜೋರಾಗಿ ಕಿರುಚಿ ಬಂದ ಸಂದೇಶ ಹ್ಯಾಕರ್‌ಗಳದ್ದು.’ 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಅನೇಕರ ಫೋನುಗಳು ಹೀಗೆ ಸದ್ದು ಮಾಡಿದವು. ಅದು ದೂರಸಂಪರ್ಕ ಇಲಾಖೆ ನಡೆಸಿದ ತುರ್ತು ಎಚ್ಚರಿಕೆ ವ್ಯವಸ್ಥೆಯ ಪರೀಕ್ಷೆ. ಒಂದು ರೀತಿಯಲ್ಲಿ ಹೊಸ ಕಾಲದ ಡಂಗುರ. ಸರ್ಕಾರದ್ದೇ ಸಂದೇಶ, ಆದರೆ ಅಧಿಸೂಚನೆಯಲ್ಲ, ಎಚ್ಚರಿಕೆ.

ಕೊನೆಯದಾಗಿ

ಅಧಿಸೂಚನೆ ಗುಟ್ಟಿನಲ್ಲಿ ಇರುವಂಥದ್ದಲ್ಲ. ಎಲ್ಲರಿಗೂ ಸಿಗಬೇಕು ಎಂಬುದೇ ಅದರ ಗುಣ. ಅದಕ್ಕೆ ಸಂಖ್ಯೆ, ದಿನಾಂಕ, ಕಾನೂನಿನ ಆಧಾರ, ಇರುವ ಜಾಗ ಎಲ್ಲವೂ ಇರುತ್ತವೆ. ಹುಡುಕಿದರೆ ಸಿಗುವುದು ಅಧಿಸೂಚನೆ, ಫಾರ್ವರ್ಡ್‌ನಲ್ಲಿ ಮಾತ್ರ ಇರುವುದು ಬರೀ ಪಿಡಿಎಫ್.

ಚಿಕ್ಕಮ್ಮನ ಮಗಳು ಈಗ ಗ್ರೂಪಿಗೆ ಏನೇ ಬಂದರೂ “ನಂಬರ್ ಎಷ್ಟು? ಯಾವ ಆ್ಯಕ್ಟು?” ಎಂದು ಕೇಳುತ್ತಾಳೆ. ಸೋದರಮಾವನಿಗೆ ಸ್ವಲ್ಪ ಬೇಜಾರು. ಆದರೆ ಕಳೆದ ವಾರ ಅವರೂ ಒಂದು ಸಂದೇಶ ಕಳಿಸಿ, ಕೆಳಗೆ “ರಾಜ್ಯಪತ್ರದಲ್ಲಿ ನೋಡಿದ್ದೇನೆ, ಇದೆ” ಎಂದು ಬರೆದಿದ್ದರು.